ಹೋದ ವರ್ಷ ನಾಟಿದ ಇಂಜೆಕ್ಷನ್ ಈ ವರ್ಷ ಯಾಕೆ ನಾಟಲ್ಲ? ದುಂಡಾಣುಗಳ ‘ಮೂಕ’ ಬದಲಾವಣೆ

ನಾಗಮಂಗಲ ಕಡೆ ನನಗೆ ಕೊಟ್ಟಿಗೆ ಗೊಬ್ಬರ ಕೊಡುವ ಒಬ್ಬ ಹಿರಿಯರಿದ್ದಾರೆ. ನಾಲ್ಕು ಸೀಮೆ ಹಸು, ದಿನಕ್ಕೆ ಎರಡು ಹೊತ್ತು ಡೈರಿಗೆ ಹಾಲು. ಕಳೆದ ತಿಂಗಳು ಗೊಬ್ಬರ ತುಂಬಿಸೋಕೆ ಟ್ರ್ಯಾಕ್ಟರ್ ತಗೊಂಡು ಹೋದಾಗ ಒಂದು ಹಸುವಿಗೆ ಕೆಚ್ಚಲು ಬಾವು ಆಗಿತ್ತು. “ಹೋದ ವರ್ಷ ಎರಡೇ ಇಂಜೆಕ್ಷನ್‌ಗೆ ವಾಸಿ ಆಗಿತ್ತು ಕಣಪ್ಪ. ಈ ಸಲ ಅದೇ ಔಷಧಿ, ಅದೇ ಕಂಪನಿ, ಐದು ದಿನ ಆಯ್ತು, ಹಾಲು ಒಡ್ಕೊಂಡೇ ಬರ್ತಾ ಅದೆ. ಔಷಧೀಲೇ ಮೋಸ ಇರ್ಬೇಕು” ಅಂದರು.

ಹೋದ ವರ್ಷ ಡಾಕ್ಟ್ರು ಎಷ್ಟು ಹಾಕಿಸಿ ಅಂದಿದ್ರು ಅಂತ ಕೇಳಿದೆ. ಐದು ಅಂದಿದ್ದರಂತೆ. ಹಾಲು ಸರಿ ಬಂತು ಅಂತ ಎರಡಕ್ಕೇ ನಿಲ್ಲಿಸಿದ್ದರು. ಅವರನ್ನು ಬೈಯೋ ಯೋಗ್ಯತೆ ನನಗಿಲ್ಲ. ತೋಟಗಾರಿಕೆ ಓದಿ ಊರಿಗೆ ಬಂದ ಮೊದಲ ವರ್ಷ, ಇನ್ನೂ ಸಾವಯವಕ್ಕೆ ಬಂದಿರಲಿಲ್ಲ, ಟೊಮೆಟೊಗೆ ವಾರಕ್ಕೊಮ್ಮೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆದವನು ನಾನು. ರೋಗ ಬಂದಿತ್ತು ಅಂತಲ್ಲ, ಬರಬಾರದು ಅಂತ.

ಔಷಧಿಯಲ್ಲಿ ಮೋಸ ಇರಲೂಬಹುದು. ಆದರೆ ಹೆಚ್ಚಿನ ಸಲ ಬದಲಾಗಿರೋದು ದುಂಡಾಣು. ಅದು ಹೇಗೆ ಬದಲಾಗುತ್ತೆ ಅನ್ನೋದರಲ್ಲಿ ನಾವು ಕಾಲೇಜಿನಲ್ಲಿ ತಪ್ಪಾಗಿ ಕಲಿತ ಒಂದು ವಿಷಯ ಇದೆ. ಈ ವಾರ ಅದನ್ನೇ ನೋಡೋಣ.

ದುಂಡಾಣುವಿನ ವಂಶವಾಹಿ ಅಂದರೆ ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದನೆಯ ಬರಹ. ಮೂರು ಮೂರು ಅಕ್ಷರ ಸೇರಿ ಒಂದು ಪದ. ಹೀಗೆ 64 ಪದ ಆಗುತ್ತವೆ. ಮೂರು ಪದಗಳಿಗೆ ‘ಇಲ್ಲಿ ನಿಲ್ಲಿಸು’ ಅಂತ ಅರ್ಥ. ಉಳಿದ 61 ಪದ 20 ಅಮೈನೋ ಆಮ್ಲಗಳನ್ನು ಹೆಸರಿಸುತ್ತವೆ. ಈ ಪದಕೋಶ ಬಿಡಿಸಿದವರಲ್ಲಿ ಒಬ್ಬರು ನಮ್ಮ ಹರಗೋಬಿಂದ್ ಖುರಾನಾ, 1968ರ ನೊಬೆಲ್ ಅದಕ್ಕೇ ಬಂದದ್ದು. 61 ಪದ, 20 ಅರ್ಥ ಅಂದಮೇಲೆ ಒಂದೇ ಅರ್ಥಕ್ಕೆ ಹಲವು ಪದ ಇರಲೇಬೇಕು. ಲ್ಯೂಸಿನ್ ಅನ್ನೋ ಒಂದಕ್ಕೇ ಆರು ಪದಗಳಿವೆ.

ದುಂಡಾಣು ಒಂದು ಎರಡಾಗುವಾಗ ಈ ಬರಹ ನಕಲಾಗುತ್ತೆ, ನಕಲಿನಲ್ಲಿ ಆಗಾಗ ಒಂದು ಅಕ್ಷರ ತಪ್ಪುತ್ತೆ. ತಪ್ಪಿದಾಗ ಅರ್ಥ ಬದಲಾದರೆ ಪ್ರೋಟೀನ್ ಬದಲಾಗುತ್ತೆ. ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಹಲವು ದುಂಡಾಣುಗಳಲ್ಲಿ ಆಗಿರೋದು ಇದೇ. ರೈಬೋಸೋಮಿನ ಒಂದು ಪ್ರೋಟೀನಿನ 43ನೇ ಜಾಗದಲ್ಲಿ ಲೈಸಿನ್ ಹೋಗಿ ಆರ್ಜಿನಿನ್ ಬಂದಿರುತ್ತೆ, ಔಷಧಿಗೆ ಹಿಡಿತ ಸಿಗಲ್ಲ. ಆದರೆ ಅಕ್ಷರ ತಪ್ಪಿಯೂ ಅರ್ಥ ಅದೇ ಉಳಿದರೆ? ಅದಕ್ಕೆ ಮೂಕ ಬದಲಾವಣೆ ಅಂತ ಹೆಸರು. ಪ್ರೋಟೀನ್ ಹಾಗೇ ಇದೆ, ಆದ್ದರಿಂದ ಏನೂ ಆಗಲ್ಲ, ಮುಂದಿನ ಪ್ರಶ್ನೆಗೆ ಹೋಗಿ. ನಮಗೆ ಹೇಳಿಕೊಟ್ಟದ್ದು ಇಷ್ಟೇ.

ನಮ್ಮ ಭಾಷೆಯಿಂದಲೇ ನೋಡಿ. ಪಾಂಡವಪುರದಲ್ಲಿ ‘ಹಸ ಹಿಡ್ಕೊಂಡು ಬಾ’ ಅಂದರೆ ಆಳು ತಕ್ಷಣ ಹೋಗ್ತಾನೆ. ಧಾರವಾಡದ ನೆಂಟರು ಬಂದು ‘ಆಕಳ ಹಿಡ್ಕೊಂಡ್ ಬಾ’ ಅಂದರೆ ಅದೇ ಆಳು ಒಂದು ಕ್ಷಣ ನಿಂತು ಮುಖ ನೋಡ್ತಾನೆ. ಪ್ರಾಣಿ ಅದೇ, ಕೆಲಸದ ವೇಗ ಬೇರೆ. ದುಂಡಾಣುವಿನೊಳಗೂ ಹೀಗೇ, ದಿನಬಳಕೆಯ ಪದಗಳಿಗೆ ಸಾಮಾನು ತಂದುಕೊಡೋ ಆಳುಗಳು ಜಾಸ್ತಿ, ಅಪರೂಪದ ಪದಗಳಿಗೆ ಕಡಿಮೆ. ಇನ್ನೊಂದು ಸಂಗತಿ, ವಂಶವಾಹಿಯಿಂದ ನಕಲಾಗಿ ಬರುವ ಆರ್‌ಎನ್‌ಎ ದಾರ ನೆಟ್ಟಗೆ ನಿಲ್ಲಲ್ಲ, ತನ್ನ ಮೇಲೇ ಮಡಚಿಕೊಳ್ಳುತ್ತೆ. ಒಂದಕ್ಷರ ಬದಲಾದರೂ ಮಡಿಕೆ ಬದಲಾಗಬಹುದು. ಶುರುವಿನಲ್ಲೇ ಗಂಟು ಬಿದ್ದರೆ ರೈಬೋಸೋಮ್ ಓದೋಕೇ ಒದ್ದಾಡುತ್ತೆ. 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಹಸಿರು ಬೆಳಕು ಬೀರುವ ಒಂದೇ ಪ್ರೋಟೀನನ್ನು 154 ಬೇರೆ ಬೇರೆ ಕಾಗುಣಿತದಲ್ಲಿ ಬರೆದು ಇ. ಕೋಲೈ ದುಂಡಾಣುವಿಗೆ ಹಾಕಿದರು. ಅರ್ಥ ಎಲ್ಲದರಲ್ಲೂ ಒಂದೇ. ಬಂದ ಬೆಳಕಿನಲ್ಲಿ ಸುಮಾರು 250 ಪಟ್ಟು ವ್ಯತ್ಯಾಸ!

ಈಗ ಆ ಹಸಿರು ಪ್ರೋಟೀನಿನ ಜಾಗದಲ್ಲಿ ಪೆನಿಸಿಲಿನ್ ಜಾತಿಯ ಔಷಧಿಯನ್ನು ಕತ್ತರಿಸಿ ಹಾಕೋ ಕಿಣ್ವವನ್ನು ಇಟ್ಟು ನೋಡಿ. ಕತ್ತರಿ ಅದೇ ಇರಬಹುದು, ಆದರೆ ಕೈಯಲ್ಲಿ ಒಂದರ ಬದಲು ಹತ್ತು ಕತ್ತರಿ ಇದ್ದರೆ ಔಷಧಿ ಉಳಿಯುತ್ತಾ? ಇದೂ ಊಹೆಯಲ್ಲ. ಟೆಮ್-1 ಅನ್ನೋ ಅಂಥ ಕಿಣ್ವದ ಮೇಲಿನ ಪ್ರಯೋಗಗಳಲ್ಲಿ ನಿರೋಧ ಹೆಚ್ಚಿಸಿದ ಬದಲಾವಣೆಗಳ ಪೈಕಿ ಕೆಲವು ಮೂಕ ಬದಲಾವಣೆಗಳೇ ಆಗಿದ್ದವು.

ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಕ್ಷಯದ್ದು. ಐಸೋನಿಯಾಜಿಡ್ ಅನ್ನೋ ಮಾತ್ರೆ ಕ್ಷಯಕ್ಕೆ ದಶಕಗಳಿಂದ ಆಧಾರ. ಕ್ಷಯದ ದುಂಡಾಣು ತನ್ನ ಗೋಡೆಗೆ ಬೇಕಾದ ಮೇಣ ಮಾಡೋಕೆ ಬಳಸೋ ಐಎನ್‌ಎಚ್‌ಎ ಅನ್ನೋ ಕಿಣ್ವವನ್ನು ಈ ಔಷಧಿ ಕಟ್ಟಿಹಾಕುತ್ತೆ. ಆ ಕಿಣ್ವದ ವಂಶವಾಹಿಯ ಹಿಂದಿನ ಮನೆ ಮ್ಯಾಬ್‌ಎ ಅನ್ನೋ ಇನ್ನೊಂದು ವಂಶವಾಹಿ. ಅದರ 203ನೇ ಪದ ಸಿಟಿಜಿ ಇದ್ದದ್ದು ಸಿಟಿಎ ಆಯ್ತು. ಎರಡಕ್ಕೂ ಅರ್ಥ ಲ್ಯೂಸಿನ್ನೇ. ಆದರೆ ಹೊಸ ಅಕ್ಷರ ಕೂತ ಜಾಗ ಅಕಸ್ಮಾತ್ ಒಂದು ‘ಇಲ್ಲಿಂದ ಓದು’ ಅನ್ನೋ ಗುರುತಿನ ಥರ ಆಗಿಬಿಟ್ಟಿತು. ಅಲ್ಲಿಂದ ಮುಂದಿನ ಮನೆಯ ಕಿಣ್ವ ಧಾರಾಳವಾಗಿ ತಯಾರಾಗೋಕೆ ಶುರು. ನಾಲೆಯ ಏರಿಯಲ್ಲಿ ಎಲ್ಲೋ ಒಂದು ಏಡಿ ಬಿಲ ಕೊರೆದು ಪಕ್ಕದ ಗದ್ದೆಗೆ ನೀರು ಹರಿದ ಹಾಗೆ. ಅಷ್ಟೊಂದು ಕಿಣ್ವ ಕಟ್ಟಿಹಾಕೋಕೆ ಔಷಧಿಯ ಡೋಸ್ ಸಾಲಲ್ಲ. ಇದು ಪ್ರಕಟವಾದದ್ದು 2014ರಲ್ಲಿ.

ಇದರಲ್ಲಿ ಭಯ ಪಡಬೇಕಾದ ಭಾಗ ಬೇರೆ ಇದೆ. ಗಂಟೆಗಳಲ್ಲಿ ಫಲಿತಾಂಶ ಕೊಡುವ ವಂಶವಾಹಿ ಪರೀಕ್ಷೆಗಳು ಗೊತ್ತಿರೋ ಕೆಲವು ಜಾಗಗಳನ್ನಷ್ಟೇ ನೋಡುತ್ತವೆ. ಪೂರ್ತಿ ಬರಹ ಓದಿದರೂ ‘ಇದು ಮೂಕ, ಬಿಡಿ’ ಅಂತ ಪಕ್ಕಕ್ಕೆ ತಳ್ಳೋ ಅಭ್ಯಾಸ ಇತ್ತು. ಕಾಗದದಲ್ಲಿ ಔಷಧಿ ನಾಟುತ್ತೆ, ರೋಗಿಗೆ ನಾಟಲ್ಲ.

ಮೂಕ ಬದಲಾವಣೆ ಯಾವಾಗಲೂ ನಮಗೆ ಶತ್ರು ಅಂತಲೂ ಅಲ್ಲ. ನಾವು ಮೂಟೆಗಟ್ಟಲೆ ತಂದು ತಿಪ್ಪೆಗೆ ಕಲಸೋ ಸ್ಯೂಡೋಮೊನಾಸ್ ಫ್ಲೋರೊಸೆನ್ಸ್ ಇದೆಯಲ್ಲ, ಅದನ್ನು ಸಕ್ಕರೆ ಅಂಶ ಕಡಿಮೆ ಇರೋ ಕಡೆ ತಲೆಮಾರುಗಟ್ಟಲೆ ಬೆಳೆಸಿದಾಗ ಸಕ್ಕರೆ ಹೀರೋ ವಂಶವಾಹಿಯಲ್ಲಿ ಮೂಕ ಬದಲಾವಣೆ ಆಗಿ ಅದು ಮೊದಲಿಗಿಂತ ಚುರುಕಾಗಿ ಬೆಳೆದದ್ದೂ ದಾಖಲಾಗಿದೆ. ಅದೂ 2014ರದ್ದೇ.

ಹಿರಿಯರ ಹಸುವಿಗೆ ಬರೋಣ. ಅದರ ಕೆಚ್ಚಲಲ್ಲಿ ಆಗಿದ್ದು ಮೂಕ ಬದಲಾವಣೆಯೇ ಅಂತ ನಾನು ಹೇಳ್ತಿಲ್ಲ. ಹೊಲ, ಕೊಟ್ಟಿಗೆಗಳಲ್ಲಿ ನಿರೋಧ ಜಾಸ್ತಿ ಬರೋದು ಔಷಧಿ ಒಡೆಯೋ ಇಡೀ ವಂಶವಾಹಿಗಳನ್ನೇ ದುಂಡಾಣುಗಳು ಒಂದಕ್ಕೊಂದು ದಾಟಿಸಿಕೊಳ್ಳೋದರಿಂದ. ರೈತನಿಗೆ ಮುಖ್ಯವಾದ ಮಾತು ಇಷ್ಟು: ಕಾರಣ ಯಾವುದೇ ಇರಲಿ, ಮಾತಾಡೋದಾಗಲಿ ಮೂಕವಾಗಲಿ, ಹಾಲಿನಲ್ಲಿರೋ ದುಂಡಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಬೇರೆ ಬೇರೆ ಔಷಧಿಯ ಬಿಲ್ಲೆ ಇಟ್ಟು ನೋಡೋ ಹಳೇ ಪರೀಕ್ಷೆಗೆ ಅದು ಸಿಕ್ಕಿಬೀಳುತ್ತೆ. ನಾಟೋ ಔಷಧಿಯ ಸುತ್ತ ಖಾಲಿ ವೃತ್ತ ಬರುತ್ತೆ, ನಾಟದ್ದರ ಸುತ್ತ ದುಂಡಾಣು ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತೆ. ಎರಡು ಮೂರು ದಿನ ಹಿಡಿಯುತ್ತೆ ನಿಜ. ನಾಟದ ಇಂಜೆಕ್ಷನ್‌ಗೆ ಐದು ದಿನ ಕಳೆದಿದ್ದೀವಲ್ಲ!

ಹಾಗಾಗಿ ಎರಡನೇ ಸಲ ಬಾವು ಬಂದ ಹಸುವಿಗೆ ಅಂಗಡಿಯಿಂದ ಹಳೇ ಚೀಟಿ ತೋರಿಸಿ ಔಷಧಿ ತರಬೇಡಿ. ಪಶು ವೈದ್ಯರಿಗೆ ‘ಹಾಲು ಟೆಸ್ಟಿಗೆ ಕಳಿಸೋಣ’ ಅಂತ ನೀವಾಗೇ ಕೇಳಿ. ಮಾದರಿ ತೆಗೆಯೋದು ಆದಷ್ಟೂ ಮೊದಲ ಇಂಜೆಕ್ಷನ್‌ಗೆ ಮುಂಚೆ. ಮೊಲೆ ತೊಳೆದು ಒರೆಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಮೊದಲ ಮೂರು ನಾಲ್ಕು ಎಳೆ ಹಾಲು ಬೇರೆ ಕಡೆ ಹಿಂಡಿ, ಆಮೇಲೆ ಅವರು ಕೊಟ್ಟ ಸ್ಟೆರೈಲ್ ಬಾಟಲಿಗೆ ಹಿಡಿಯಿರಿ. ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ತಲುಪಿಸಿ. ಹಾರ್ಲಿಕ್ಸ್ ಬಾಟಲಿ ತೊಳೆದು ತಗೊಂಡು ಹೋದರೆ ಬಾಟಲಿಯ ದುಂಡಾಣು ಬೆಳೆಯುತ್ತೆ, ಹಸುವಿನದ್ದಲ್ಲ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಹಾಕಿಸಿ. ಆ ಹಾಲು ಲೇಬಲ್ಲಿನಲ್ಲಿ ಹೇಳಿದ ದಿನದವರೆಗೆ ಡೈರಿಗೂ ಬೇಡ, ಕರುವಿಗೂ ಬೇಡ. ‘ಚೆಲ್ಲೋ ಬದಲು ಕರು ಕುಡೀಲಿ’ ಅನ್ನೋದು ಎಲ್ಲ ಮನೆಯಲ್ಲೂ ಇದೆ. ಕರುವಿನ ಹೊಟ್ಟೆಯಲ್ಲಿ ಸಣ್ಣ ಡೋಸಿನಲ್ಲಿ ದುಂಡಾಣುಗಳಿಗೆ ತಾಲೀಮು ಕೊಟ್ಟ ಹಾಗೆ ಅದು.

ಗೊಬ್ಬರ ಕೊಳ್ಳೋ ನಮ್ಮಂಥವರ ಪಾಲೂ ಇದೆ. ಔಷಧಿ ನಡೀತಿರೋ ಹಸುವಿನ ಸಗಣಿ, ಗಂಜಲ ಬೇರೆ ಗುಡ್ಡೆ ಹಾಕಿಸಿ. ಹಸಿ ಗೊಬ್ಬರ ಸೊಪ್ಪು ತರಕಾರಿಗೆ ಹಾಕಲೇಬೇಡಿ. ಗುಡ್ಡೆ ಕೈ ಇಡೋಕಾಗದಷ್ಟು ಬಿಸಿಯಾಗಿ, ಮಗುಚಿ, ಮತ್ತೆ ಬಿಸಿಯಾಗಿ ಕಳಿತರೆ ದುಂಡಾಣುಗಳು ಬಹಳಷ್ಟು ಸಾಯುತ್ತವೆ, ಎಲ್ಲವೂ ಅಲ್ಲ. ಕೋಳಿ ಗೊಬ್ಬರಕ್ಕೂ ಇದೇ ಮಾತು. ಕೋಳಿ, ದನಗಳಿಗೆ ಕೊಲಿಸ್ಟಿನ್ ಅನ್ನೋ ಔಷಧಿಯನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿತು. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿ ಉಳಿದಿರೋ ಔಷಧಿ ಅದು.

ಶ್ರೀರಂಗಪಟ್ಟಣ, ಕೆ.ಆರ್. ಪೇಟೆಯ ನಾಲೆ ಬಯಲಿನವರಿಗೆ ಒಂದು ಮಾತು. ಭತ್ತದ ಎಲೆ ತುದಿಯಿಂದ ಅಂಚಿನುದ್ದಕ್ಕೂ ಹುಲ್ಲಿನ ಬಣ್ಣಕ್ಕೆ ಒಣಗಿದರೆ ಒಂದು ಎಲೆ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ನಿಲ್ಲಿಸಿ. ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿದರೆ ದುಂಡಾಣು ಅಂಗಮಾರಿ. ಇಳಿಯದಿದ್ದರೆ ಸ್ಟ್ರೆಪ್ಟೋಸೈಕ್ಲಿನ್ ಮಾತೇ ಬೇಡ, ಇಳಿದರೂ ನನ್ನ ಪ್ರಕಾರ ಬೇಡ. ಆ 6 ಗ್ರಾಂ ಪೊಟ್ಟಣದೊಳಗೆ ಇರೋದು ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಅಂದರೆ ಮನುಷ್ಯರ ಔಷಧಿಗಳೇ. ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೆ ಸಿಕ್ಕ ಮೊದಲ ಪರಿಣಾಮಕಾರಿ ಔಷಧಿ. ಈ ಮಿಶ್ರಣವನ್ನು ಕೃಷಿಯಿಂದ ಹೊರಗಿಡೋ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತ್ತು. ಯೂರಿಯಾ ನಿಲ್ಲಿಸಿ, ಗದ್ದೆಯ ನೀರು ಬಸಿದು ಬಿಡಿ, ರೋಗದ ಗದ್ದೆಯ ನೀರು ಕೆಳಗಿನವರ ಗದ್ದೆಗೆ ಹೋಗದಂತೆ ನೋಡಿ, ತಾಜಾ ಸಗಣಿ ಕದಡಿ ಸೋಸಿದ ತಿಳಿ ಸಿಂಪಡಿಸಿ. ಮುಂದಿನ ಸಲ ನಾಟಿಗೆ ಮುಂಚೆ ಪೈರಿನ ತುದಿ ಕತ್ತರಿಸಬೇಡಿ, ರೋಗ ಒಳಗೆ ಹೋಗೋದು ಆ ಗಾಯದಿಂದಲೇ.

ಹಿರಿಯರ ಹಸುವಿನ ಹಾಲು ಟೆಸ್ಟಿಗೆ ಹೋಗಿ ಬಂತು. ಹಾಕಿಸ್ತಿದ್ದ ಔಷಧಿಯ ಬಿಲ್ಲೆ ಸುತ್ತ ವೃತ್ತವೇ ಇರಲಿಲ್ಲ. ವೈದ್ಯರು ಬೇರೆ ಔಷಧಿ ಕೊಟ್ಟರು, ಮೂರು ಮೊಲೆ ಉಳಿದವು, ಒಂದು ಬತ್ತಿಹೋಯ್ತು. ಆ ಹಸುವಿನ ಸಗಣಿ ಗುಡ್ಡೆ ಬೇರೆಯೇ ಇದೆ, ಎರಡು ಸಲ ಮಗುಚಿದ್ದಾರೆ. ಗೊಬ್ಬರ ತರೋಕೆ ಮುಂದಿನ ತಿಂಗಳು ಹೋಗ್ತೀನಿ.