ಇಂಗ್ಲಿಷಿನ ಕಠಿನ ಶಬ್ದಗಳೂ ನಮ್ಮ ಧಾತುಗಳೂ

ವಾಚಕರೇ, ನಿಮ್ಮ ಮನೆಯ ಹುಡುಗನೋ ಹುಡುಗಿಯೋ ನಿಘಂಟನ್ನು ಮುಂದಿಟ್ಟುಕೊಂಡು, ದಿನಕ್ಕೆ 20 ಇಂಗ್ಲಿಷ್ ಶಬ್ದಗಳಂತೆ ಬಾಯಿಪಾಠ ಮಾಡುತ್ತಿರಬಹುದು. ಶ್ರಮವೇನೋ ಮೆಚ್ಚತಕ್ಕದ್ದೇ. ಆದರೆ ಅಕ್ಷರಕ್ರಮದಲ್ಲಿ ಉರುಹಚ್ಚಿದ್ದು ವಾರ ಕಳೆಯುವುದರೊಳಗೆ ಮರೆತುಹೋಗುತ್ತದೆ. ಒಂದಕ್ಕೂ ಮತ್ತೊಂದಕ್ಕೂ ನಂಟಿಲ್ಲವಲ್ಲ! ಶಬ್ದಗಳನ್ನು ಕುಟುಂಬ ಕುಟುಂಬವಾಗಿ ಪರಿಚಯ ಮಾಡಿಕೊಳ್ಳುವುದು ಮೇಲು.

ಕನ್ನಡ ಬಲ್ಲ ನಿಮಗೆ ಇದು ಹೊಸದಲ್ಲ. ಆಹಾರ, ವಿಹಾರ, ಸಂಹಾರ, ಪರಿಹಾರ, ಈ ನಾಲ್ಕರಲ್ಲೂ ಧಾತು ಒಂದೇ. ಮುಂದೆ ಸೇರಿದ ಉಪಸರ್ಗವು ಅರ್ಥವನ್ನು ತಿರುಗಿಸಿತು. ಇಂಗ್ಲಿಷಿನ ದೊಡ್ಡ ಶಬ್ದಗಳು ಬಹುಮಟ್ಟಿಗೆ ಲ್ಯಾಟಿನ್, ಗ್ರೀಕ್ ಭಾಷೆಗಳಿಂದ ಬಂದವು. ಅವುಗಳ ರಚನೆಯೂ ಹೀಗೆಯೇ. ಲ್ಯಾಟಿನ್ನಿನಲ್ಲಿ ‘ಸ್ಪೆಕ್’ ಎಂದರೆ ನೋಡು. ಒಳಹೊಕ್ಕು ನೋಡುವುದು ಇನ್‌ಸ್ಪೆಕ್ಟ್. ಹಿಂದಿರುಗಿ ನೋಡುವುದು ರೆಟ್ರೊಸ್ಪೆಕ್ಟ್. ಮುಂದೆ ಕಾಣುವುದು ಪ್ರಾಸ್ಪೆಕ್ಟ್. ಸುತ್ತಲೂ ನೋಡಿ ಹೆಜ್ಜೆಯಿಡುವ ಎಚ್ಚರಿಕೆಯವನನ್ನು ಸರ್ಕಮ್‌ಸ್ಪೆಕ್ಟ್ ಎನ್ನುತ್ತಾರೆ. ಕೇಳಿದೊಡನೆ ಹೆದರಿಸುವ ಶಬ್ದ. ‘ಸರ್ಕಮ್’ ಎಂದರೆ ಸುತ್ತ ಎಂದು ತಿಳಿದ ಮೇಲೆ ಅದರಲ್ಲಿ ಕಷ್ಟವೇನುಳಿಯಿತು?

ಇನ್ನೂ ಸ್ವಾರಸ್ಯವಿದೆ. ಈ ‘ಸ್ಪೆಕ್’ ಸಂಸ್ಕೃತದ ‘ಪಶ್ಯತಿ’ಗೆ ದಾಯಾದಿ, ಗೂಢಚಾರನಿಗೆ ಸಂಸ್ಕೃತದಲ್ಲಿ ‘ಸ್ಪಶ’ ಎಂಬ ಹೆಸರೂ ಉಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹೊರಟವೆಂಬ ವಿಚಾರವನ್ನು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ವಿದ್ವಾಂಸರ ಮುಂದಿಟ್ಟನು. ಇಗ್ನೈಟ್‌ನಲ್ಲಿ ಅಗ್ನಿ, ಡೆಂಟಿಸ್ಟ್‌ನಲ್ಲಿ ದಂತ, ಡೊನೇಷನ್ನಿನಲ್ಲಿ ದಾನ, ಹೀಗೆ ನಂಟರು ಅಲ್ಲಲ್ಲಿ ಇಣುಕುತ್ತಾರೆ. ಹಾಗೆಂದು ಕಂಡಕಂಡ ಶಬ್ದಕ್ಕೆಲ್ಲ ಸಂಸ್ಕೃತದ ಮುದ್ರೆಯೊತ್ತುವ ಚಪಲ ಬೇಡ. ನಮ್ಮಂಥ ಪಂಡಿತರಿಗೆ ಅದು ತುಸು ಹೆಚ್ಚು.

ಒಂದು ಕಡೆ ಮಾತ್ರ ತೀರ ಎಚ್ಚರವಿರಬೇಕು. ಇನ್‌ವಿಸಿಬಲ್ ಎಂದರೆ ಕಾಣದ್ದು, ಇನ್‌ಕರೆಕ್ಟ್ ಎಂದರೆ ಸರಿಯಲ್ಲದ್ದು. ಇದೇ ಲೆಕ್ಕ ಹಿಡಿದು, ಪೆಟ್ರೋಲ್ ಟ್ಯಾಂಕರಿನ ಮೇಲಿನ ‘ಇನ್‌ಫ್ಲೇಮಬಲ್’ ಎಂಬುದಕ್ಕೆ ಉರಿಯದ್ದೆಂದು ಅರ್ಥಮಾಡಿ ಯಾರಾದರೂ ಪಕ್ಕದಲ್ಲಿ ಬೀಡಿ ಹೊತ್ತಿಸಿದರೆ ಅನಾಹುತವೇ! ಅಲ್ಲಿನ ‘ಇನ್’ ನಿಷೇಧಾರ್ಥಕವಲ್ಲ. ಬೇಗನೆ ಬೆಂಕಿ ಹತ್ತಿಕೊಳ್ಳುವಂಥದು ಎಂದೇ ಆ ಶಬ್ದದ ಅರ್ಥ. ಈ ಗೊಂದಲ ಬೇಡವೆಂದೇ ಅನೇಕ ಕಡೆ ‘ಫ್ಲೇಮಬಲ್’ ಎಂದಷ್ಟೆ ಬರೆಯುವ ರೂಢಿ ಬಂದಿದೆ. ಎರಡಕ್ಕೂ ಅರ್ಥ ಒಂದೇ. ನಮ್ಮಲ್ಲೂ ವಿಫಲವೆಂದರೆ ಫಲವಿಲ್ಲದ್ದು; ವಿಜಯವೆಂದರೆ ಜಯವಿಲ್ಲದ್ದೆಂದು ಯಾರಾದರೂ ಹೇಳಿಯಾರೆ?

ಆದ್ದರಿಂದ ಮೊದಲು ಊಹಿಸಲಿ, ಆಮೇಲೆ ನಿಘಂಟನ್ನು ತೆರೆಯಲಿ. ಅಲ್ಲಿರುವ ಉದಾಹರಣೆಯ ವಾಕ್ಯವನ್ನು ಬಿಡದೆ ಓದಲಿ. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಬರುವಾಗ ಮಕ್ಕಳ ಪಕ್ಕದಲ್ಲಿ ಒಂದು ಪುಸ್ತಕವೂ ಸೀಸದ ಕಡ್ಡಿಯೂ ಇರಲಿ. ಒಂದೊಂದು ಧಾತುವಿಗೆ ಒಂದೊಂದು ಪುಟ ಮೀಸಲಿಡಿಸಿ. ‘ಸ್ಪೆಕ್’ನ ಪುಟಕ್ಕೆ ಸಸ್ಪೆಕ್ಟ್, ರೆಸ್ಪೆಕ್ಟ್‌ಗಳು ಆ ವಾರದಲ್ಲೇ ಬಂದು ಸೇರಿಯಾವು.