ವಿದ್ಯುತ್ ಕಾರು ತೋರಿಸುವ ದೂರ: ಎಷ್ಟನ್ನು ನಂಬಬೇಕು?

ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಸುಮಾರು 150 ಕಿಲೋಮೀಟರ್, ಹೋಗಿಬರಲು 300. 2020ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಸಂಸ್ಥೆಯ ಮೊದಲ ನೆಕ್ಸಾನ್ ವಿದ್ಯುತ್ ಕಾರಿಗೆ ಪ್ರಮಾಣೀಕೃತವಾದ ದೂರ 312 ಕಿಲೋಮೀಟರ್. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದವರಿಗೆ, ಮನೆಯ ಹಿರಿಯರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದು ರಾತ್ರಿಯೊಳಗೆ ನಿಶ್ಚಿಂತೆಯಿಂದ ಮರಳಬಹುದೆಂದು ತೋರುವುದು ಸಹಜ. ಆದರೆ ನಡುವೆ ಎಲ್ಲಿಯೂ ಚಾರ್ಜ್ ಮಾಡದೆ ಹೋದಲ್ಲಿ, ಹಿಂತಿರುಗುವಾಗ ನೆಲಮಂಗಲ ದಾಟಿ ಕುಣಿಗಲ್ ಸೇರುವ ಮೊದಲೇ ಗಾಡಿ ನಿಂತೀತು. ಹೀಗೇಕೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಲೇಸು.

ರೇಂಜ್ ಎಂದರೆ ನಮ್ಮ ಸೀಮೆಯಲ್ಲಿ ಅರಣ್ಯ ಇಲಾಖೆಯ ವಲಯವೆಂದೇ ರೂಢಿ. ಈಗ ಅದು ಒಮ್ಮೆ ಪೂರ್ಣವಾಗಿ ಚಾರ್ಜ್ ಮಾಡಿದ ಕಾರು ಕ್ರಮಿಸುವ ದೂರಕ್ಕೆ ಹೆಸರಾಗಿದೆ. ಪ್ರಮಾಣಪತ್ರದ ರೇಂಜನ್ನು ಅಳೆಯುವುದು ರಸ್ತೆಯಲ್ಲಲ್ಲ, ಪರೀಕ್ಷಾಲಯದ ಉರುಳೆಗಳ ಮೇಲೆ. ಭಾರತೀಯ ಪರೀಕ್ಷಾಕ್ರಮದಲ್ಲಿ ವೇಗ ಗಂಟೆಗೆ 90 ಕಿಲೋಮೀಟರನ್ನು ಮೀರುವುದಿಲ್ಲ. ಸರಾಸರಿ ವೇಗವಂತೂ 30ಕ್ಕಿಂತ ತುಸು ಹೆಚ್ಚು, ಅಷ್ಟೆ. ಹಾಸನದ ಹೆದ್ದಾರಿಯಲ್ಲಿ ಹಾಗೆ ಓಡಿಸುವವರನ್ನು ನಾವು ಕಂಡಿಲ್ಲ. ತಯಾರಕರೂ ಇದನ್ನು ಬಲ್ಲರು. 2024ರಲ್ಲಿ ಬಂದ ಕರ್ವ್ ಕಾರಿನ 55 ಯೂನಿಟ್ ಮಾದರಿಗೆ ಪ್ರಮಾಣಪತ್ರದಲ್ಲಿ 585 ಕಿಲೋಮೀಟರ್ ಇದ್ದರೆ, ನಿಜಬಳಕೆಯಲ್ಲಿ 400ರಿಂದ 425 ಎಂದು ಟಾಟಾ ಸಂಸ್ಥೆಯೇ ತಿಳಿಸಿತು. ಇದು ಮೆಚ್ಚತಕ್ಕ ನಡೆ.

ಇನ್ನು ಮುಂಫಲಕದಲ್ಲಿ ಮೂಡುವ ಸಂಖ್ಯೆಯ ವಿಚಾರ. ಇದು ಮತ್ತೂ ಬೇರೆ. ಬ್ಯಾಟರಿಯೊಳಗೆ ಇರುವುದು ಕಿಲೋಮೀಟರುಗಳಲ್ಲ, ಯೂನಿಟ್ಟುಗಳು; ಮನೆಯ ಮೀಟರು ಎಣಿಸುವ ಯೂನಿಟ್ಟುಗಳೇ. ದಾಸೋಹದ ಉಗ್ರಾಣದಲ್ಲಿ ಎಷ್ಟು ಅಕ್ಕಿಯಿದೆಯೆಂದು ಅಳೆದು ಹೇಳಬಹುದು. ಅದು ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿದರೆ ಉಗ್ರಾಣಿಯು ಕಳೆದ ವಾರ ಉಂಡವರ ಲೆಕ್ಕದ ಮೇಲೆ ಉತ್ತರಿಸುತ್ತಾನೆ. ನಾಳೆ ಜಾತ್ರೆಯಿದ್ದರೆ ಆ ಉತ್ತರ ಕೆಡುತ್ತದೆ. ಅದು ಉಗ್ರಾಣಿಯ ತಪ್ಪಲ್ಲ. ಕಾರಿನ ಗಣಕವೂ ಬಹುತೇಕ ಹೀಗೆಯೇ, ಇತ್ತೀಚೆಗೆ ಓಡಿದ ರೀತಿಯನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ವಾರವೆಲ್ಲ ಪಟ್ಟಣದೊಳಗೆ ಮೆಲ್ಲಗೆ ಓಡಾಡಿದ್ದರೆ ಬೆಳಿಗ್ಗೆ ದೊಡ್ಡ ಸಂಖ್ಯೆ ಕಾಣುವುದು. ಹೆದ್ದಾರಿ ಹಿಡಿದೊಡನೆ ಅದು, ನಾವು ಸಾಗಿದ ದೂರಕ್ಕಿಂತ ಬೇಗ ಕರಗತೊಡಗುವುದು.

ಶಿರಾಡಿ ಘಾಟಿಯಲ್ಲಿ ಈ ವಿನೋದ ಚೆನ್ನಾಗಿ ಕಾಣುತ್ತದೆ. ಇಳಿಯುವಾಗ ಚಕ್ರಗಳೇ ವಿದ್ಯುತ್ತನ್ನು ಮರಳಿ ತುಂಬುವುದರಿಂದ ಸಂಖ್ಯೆ ಏರುವುದುಂಟು. ಹಿಂತಿರುಗುವಾಗ ಒಂದೂವರೆ ಟನ್ ಭಾರವನ್ನು ಆರೇಳು ನೂರು ಮೀಟರ್ ಎತ್ತಬೇಕು. ಎತ್ತುವುದಕ್ಕೆಂದೇ ಎರಡೂವರೆಯಿಂದ ಮೂರು ಯೂನಿಟ್ ವ್ಯಯವಾಗುತ್ತದೆ. ಸಮತಲದಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಸಾಕಾಗುವಷ್ಟು. ಬ್ಯಾಟರಿ ಕೆಟ್ಟಿತೆಂದು ಗಾಬರಿಯಾಗಬೇಕಾದುದಿಲ್ಲ.

ವೇಗದ ತೆರಿಗೆ ಇದಕ್ಕಿಂತ ಭಾರಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: 60ರ ವೇಗದಿಂದ 100ಕ್ಕೆ ಏರಿದರೆ ತಡೆ ಎರಡೂ ಮುಕ್ಕಾಲು ಪಟ್ಟಿಗಿಂತ ತುಸು ಹೆಚ್ಚು. ಎ.ಸಿ.ಯ ವೆಚ್ಚವಾದರೋ ದೂರಕ್ಕಲ್ಲ, ಹೊತ್ತಿಗೆ ತಕ್ಕಂತೆ. ಪೀಣ್ಯದ ವಾಹನದಟ್ಟಣೆಯಲ್ಲಿ ಗಾಡಿ ನಿಂತಿದ್ದರೂ ಅದು ಉಣ್ಣುತ್ತಲೇ ಇರುತ್ತದೆ.

ಆದುದರಿಂದ ಕಿಲೋಮೀಟರಿನ ಅಂಕಿಗಿಂತ ಶೇಕಡಾವಾರು ಅಂಕಿಯೇ ಹೆಚ್ಚು ಪ್ರಾಮಾಣಿಕವೆಂಬುದು ನಮ್ಮ ಅಭಿಪ್ರಾಯ. ಕುಟುಂಬದೊಡನೆ ನಾಲ್ಕಾರು ಬಾರಿ ಓಡಾಡಿ, ಒಂದು ಯೂನಿಟ್ಟಿಗೆ ಎಷ್ಟು ಕಿಲೋಮೀಟರ್ ಸಂದಿತೆಂದು ಮನೆಯ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡಿ. ಮಳೆಗಾಲದ ಲೆಕ್ಕ ಬೇರೆಯಿರಲಿ. ಮೇಲೆ ಹೇಳಿದ ನೆಕ್ಸಾನಿನ ಬ್ಯಾಟರಿ 30.2 ಯೂನಿಟ್. ಪರೀಕ್ಷಾಲಯದಲ್ಲಿ ಯೂನಿಟ್ಟಿಗೆ ಹತ್ತು ಕಿಲೋಮೀಟರಿಗೂ ಮಿಗಿಲಾಗಿ ಸಂದಿತ್ತು. ಹೆದ್ದಾರಿಯಲ್ಲಿ ನಾಲ್ವರು ಕುಳಿತು ವೇಗವಾಗಿ ಹೋದಾಗ ಆರೂವರೆ ಸಿಕ್ಕಿತೆಂದು ಹಿಡಿದರೆ ಒಟ್ಟು 196. ಬೆಂಗಳೂರು ತಲುಪುವ ಹೊತ್ತಿಗೆ ಏಳು ಯೂನಿಟ್ ಉಳಿದಿರುತ್ತದೆ. ಆಸ್ಪತ್ರೆಯಲ್ಲಿ ಸರದಿಗಾಗಿ ಹೇಗೂ ಕಾಯಬೇಕಾಗುವುದು. ಆ ಹೊತ್ತಿನಲ್ಲಿಯೇ ಗಾಡಿಯನ್ನು ಚಾರ್ಜಿಗೆ ಹಾಕಿಡಿ. ಆ ಕೇಂದ್ರ ಕೆಟ್ಟಿದ್ದರೆ ಹೋಗಬಹುದಾದ ಇನ್ನೊಂದರ ವಿಳಾಸವನ್ನೂ ಊರು ಬಿಡುವ ಮೊದಲೇ ಗುರುತಿಸಿಕೊಂಡಿರಿ.