ಎಂಜಿನ್ನಿನ ಶ್ರುತಿ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಬೆಂಗಳೂರಿನ ಬೀದಿಗಳಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ, ರಾಜಾಜಿನಗರ, ವಿಜಯನಗರಗಳ ಗ್ಯಾರೇಜುಗಳ ಮುಂದೆ ಬಾನೆಟ್ಟು ತೆರೆದು ನಿಂತ ವಾಹನದ ಮೇಲೆ ಬಾಗಿ, ಕಾರ್ಬ್ಯುರೇಟರಿನ ಪುಟ್ಟ ತಿರುಪನ್ನು ಕಾಲು ಸುತ್ತು ಒಳಕ್ಕೂ ಅರೆ ಸುತ್ತು ಹೊರಕ್ಕೂ ತಿರುಗಿಸುತ್ತ, ಎಂಜಿನ್ನಿನ ಸದ್ದು ಎಲ್ಲಿ ತಡವರಿಸಿತು, ಎಲ್ಲಿ ಸಮನಾಯಿತು ಎಂಬುದನ್ನು ಕಿವಿಯಿಂದಲೇ ನಿರ್ಣಯಿಸುತ್ತಿದ್ದ ಮೇಸ್ತ್ರಿಯನ್ನು ಕಂಡವರಿಗೆ ‘ಟ್ಯೂನಿಂಗ್’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಶಯ ಬಂದಲ್ಲಿ ಆತನು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ತುದಿಯ ಬಣ್ಣವನ್ನು ನೋಡುವನು: ಮಸಿಗಟ್ಟಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು, ಕಾಫಿಪುಡಿಯ ಬಣ್ಣವಿದ್ದರೆ ಸರಿ. ಆ ವಿದ್ಯೆ ಕಣ್ಮರೆಯಾಯಿತೆಂದು ಹಲವರು ಪರಿತಪಿಸುವುದುಂಟು. ನಾನಾದರೋ ಅದೇ ವಿದ್ಯೆ ಇಂದು ಲ್ಯಾಪ್‌ಟಾಪಿನ ತೆರೆಯ ಮೇಲೆ ಮುಂದುವರಿಯುತ್ತಿದೆಯೆಂದೇ ಭಾವಿಸುತ್ತೇನೆ.

ಇಂಧನವನ್ನೂ ಕಿಡಿಯನ್ನೂ ಒಂದೇ ಗಣಕಪೆಟ್ಟಿಗೆಯ ಅಧೀನಕ್ಕೆ ತಂದ ಬಾಷ್ ಸಂಸ್ಥೆಯ ಮೋಟ್ರಾನಿಕ್ ವ್ಯವಸ್ಥೆ 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಳಕೆಗೆ ಬಂದಿತು. ನಮ್ಮ ಮಧ್ಯಮವರ್ಗದ ಮಾರುತಿ 800ಕ್ಕೆ ಎಂಪಿಎಫ್‌ಐ ಎಂಬ, ಗಣಕದ ಆಣತಿಯಂತೆ ಇಂಧನ ಚಿಮ್ಮಿಸುವ ವ್ಯವಸ್ಥೆ ಒದಗಲು 2000ನೆಯ ಇಸವಿಯಾಯಿತು. ಅಂದಿನಿಂದ ಮೇಸ್ತ್ರಿಯ ತಿರುಪಿಗೆ ಬದಲಾಗಿ ‘ಇಸಿಯು’ ಎಂಬ ಪೆಟ್ಟಿಗೆಯೊಳಗಿನ ಕೋಷ್ಟಕಗಳೇ ಎಂಜಿನ್ನನ್ನು ನಡೆಸುತ್ತಿವೆ. ಈ ಕೋಷ್ಟಕಗಳಿಗೆ ಬಲ್ಲವರು ‘ಮ್ಯಾಪ್’ ಎನ್ನುತ್ತಾರೆ.

ಮ್ಯಾಪಿನ ಸ್ವರೂಪವನ್ನು ತುಸು ಸಮೀಪದಿಂದ ನೋಡುವುದು ಒಳ್ಳೆಯದು. ಅಡ್ಡಸಾಲಿನಲ್ಲಿ ಎಂಜಿನ್ನಿನ ವೇಗ, ಲಂಬಸಾಲಿನಲ್ಲಿ ಒಳಸೇರುವ ಗಾಳಿಯ ಒತ್ತಡ. ಹದಿನಾರು ಹದಿನಾರಾಗಿ 256 ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಅಂಕಿ. ಆ ಸ್ಥಿತಿಯಲ್ಲಿ ಸಿಲಿಂಡರು ಎಷ್ಟು ಗಾಳಿಯನ್ನು ತುಂಬಿಕೊಳ್ಳುವುದೆಂಬುದನ್ನು ಆ ಅಂಕಿ ಹೇಳುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಇಂಜೆಕ್ಟರು ಚಿಮ್ಮಿಸುತ್ತದೆ. ಹೊಗೆಕೊಳವೆಯಲ್ಲಿ ಕುಳಿತ ಆಮ್ಲಜನಕ ಸಂವೇದಕವು ‘ಲ್ಯಾಂಬ್ಡಾ’ ಎಂಬ ಮಾನದಲ್ಲಿ ಫಲಿತಾಂಶವನ್ನು ತಿಳಿಸುತ್ತದೆ: ಒಂದು ಎಂದರೆ ಇಂಧನವೆಲ್ಲ ಉರಿಯಲು ಬೇಕಾದಷ್ಟೇ ಗಾಳಿ, ಹೆಚ್ಚಾದರೆ ‘ಲೀನ್’, ಕಡಿಮೆಯಾದರೆ ‘ರಿಚ್’. ಮೂರು ಸಾವಿರ ಸುತ್ತಿನ ವೇಗದಲ್ಲಿ, 60 ಕಿಲೋಪಾಸ್ಕಲ್ ಒತ್ತಡದ ಮನೆಯಲ್ಲಿ 62 ಎಂದಿದ್ದು, ಒಂದು ಬೇಕಾದಲ್ಲಿ ಲ್ಯಾಂಬ್ಡಾ 1.08 ಬಂದಿತೆನ್ನಿ, 62ನ್ನು 1.08ರಿಂದ ಗುಣಿಸಿ 67 ಎಂದು ತಿದ್ದಬೇಕು. ಮತ್ತೆ ಓಡಿಸಿ, ಮತ್ತೆ ಅಳೆದು, ನೆರೆಮನೆಗಳ ಅಂಕಿಗಳೊಡನೆ ಅದು ಹೊಂದುವಂತೆ ನಯಗೊಳಿಸಬೇಕು. ವಿದ್ಯೆಯ ಬಹುಭಾಗ ಈ ಸಹನೆಯ ಕೆಲಸದಲ್ಲಿಯೇ ಅಡಗಿದೆ.

ಕಿಡಿಯ ಕೋಷ್ಟಕದ ಮಾತು ಬೇರೆ. ಜ್ವಾಲೆ ಹಬ್ಬಲು ಕಾಲ ಬೇಕಾದುದರಿಂದ ಪಿಸ್ಟನ್ನು ಶಿಖರವನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕು. ಅತಿಯಾಗಿ ಮೊದಲೇ ಹಾರಿದಲ್ಲಿ ಉಳಿದ ಮಿಶ್ರಣ ತಾನಾಗಿ ಸ್ಫೋಟಿಸಿ, ‘ನಾಕಿಂಗ್’ ಎಂದು ಎಲ್ಲರೂ ಅರಿತಿರುವ ಲೋಹದ ಬಡಿತ ಕೇಳಿಸುತ್ತದೆ. ಅದನ್ನು ಅಲಕ್ಷಿಸಿದರೆ ಪಿಸ್ಟನ್ನೇ ಕರಗಿ ತೂತಾಗಬಹುದು. ಆದುದರಿಂದ ಹೊಸಬರು ಇಂಧನದ ಕೋಷ್ಟಕದಲ್ಲಿ ಕೈ ಪಳಗುವವರೆಗೆ ಕಿಡಿಯನ್ನು ಮುಟ್ಟದಿರುವುದು ಲೇಸು.

ಈ ವಿದ್ಯೆಯ ನಿಜವಾದ ಪಾಠಶಾಲೆಯನ್ನು ಕಾಣಬೇಕಾದರೆ ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಸಾಗಬೇಕು. 1963ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿದ್ಯಾಲಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಿಂದ ‘ಅಶ್ವ ರೇಸಿಂಗ್’ ಎಂಬ ತಂಡವನ್ನು ಕಟ್ಟಿಕೊಂಡು, ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗಾಗಿ ತಾವೇ ಕಾರುಗಳನ್ನು ನಿರ್ಮಿಸುತ್ತ ಬಂದಿದ್ದಾರೆ. ಆ ಸ್ಪರ್ಧೆಯಲ್ಲಿ ಒಂದು ಸ್ವಾರಸ್ಯದ ನಿಯಮವಿದೆ: ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲವೂ ಕೇವಲ 20 ಮಿಲಿಮೀಟರ್ ವ್ಯಾಸದ ಒಂದು ಕಿರುಗಂಡಿಯ ಮೂಲಕವೇ ಹೋಗತಕ್ಕದ್ದು. ಮೋಟಾರ್‌ಸೈಕಲ್ಲಿನಿಂದ ತಂದ ಎಂಜಿನ್ನಿಗೆ ಕಾರ್ಖಾನೆಯವರು ಬರೆದ ಮ್ಯಾಪು, ಬಾರದ ಗಾಳಿಗೂ ಪೆಟ್ರೋಲನ್ನು ಸುರಿಯುವ ಮ್ಯಾಪಾಗಿ ನಿಷ್ಪ್ರಯೋಜಕವಾಗುತ್ತದೆ. ಮನೆಮನೆಯನ್ನೂ ಹೊಸದಾಗಿ ತಿದ್ದದೆ ಗತ್ಯಂತರವಿಲ್ಲ. ಪರೀಕ್ಷೆಗಾಗಿ ಓದಿದ ಸಮೀಕರಣವು ಕೈಗೆ ಹತ್ತುವುದು ಇಂತಹ ಸಂಕಟದಲ್ಲಿಯೇ ಎಂದು ನನ್ನ ದೃಢವಾದ ನಂಬಿಕೆ.

ಕಾಲೇಜಿನ ಹೊರಗಿರುವವರಿಗೂ ಸಾಧನಗಳು ದುರ್ಲಭವಲ್ಲ. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವಿರ್ಟ್ ಎಂಬ ಇಸಿಯು, ಆರ್ಡುಯಿನೊ ಫಲಕದ ಮೇಲೆ ನಡೆಯುವ ಸ್ಪೀಡುಯಿನೊ ಎಂಬ ಇನ್ನೊಂದು ಇಸಿಯು, ಇವುಗಳ ಮ್ಯಾಪನ್ನು ತಿದ್ದುವ ಟ್ಯೂನರ್‌ಸ್ಟುಡಿಯೊ ತಂತ್ರಾಂಶ ಇವೆಲ್ಲ ಹವ್ಯಾಸಿಗಳಿಗೆ ಚಿರಪರಿಚಿತ. ಮೂಲ ಇಸಿಯುವಿನ ಜೊತೆಗೂಡಿ ಕೆಲಸ ಮಾಡುವ ಪವರ್‌ಟ್ರಾನಿಕ್ ಎಂಬ ಪೆಟ್ಟಿಗೆಯನ್ನು ತಯಾರಿಸುವ ರೇಸ್ ಡೈನಮಿಕ್ಸ್ ಸಂಸ್ಥೆ ನಮ್ಮ ಬೆಂಗಳೂರಿನದೇ ಎಂಬುದು ಅಭಿಮಾನದ ಸಂಗತಿ.

ಆದಾಗ್ಯೂ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಬೀದಿಯಲ್ಲಿ ಓಡುವ ಕಾರಿನ ಹೊಗೆ ನೆರೆಯವರ ಮಕ್ಕಳ ಶ್ವಾಸಕೋಶವನ್ನು ಸೇರುವುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಒಂದೊಂದಕ್ಕೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಇಂಧನವೂ ಮೊದಲಿನಂತಿಲ್ಲ. ಒಂದು ಗ್ರಾಂ ಶುದ್ಧ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಬೇಕಾದರೆ ಎಥೆನಾಲಿಗೆ ಒಂಬತ್ತು ಗ್ರಾಂ ಸಾಕು; ಬಂಕುಗಳಲ್ಲಿ ಈಗ ದೊರೆಯುವುದು ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲು. ಹಳೆಯ ಪುಸ್ತಕದ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಆದುದರಿಂದ ಆಸಕ್ತರಾದ ಓದುಗರಲ್ಲಿ ನನ್ನ ವಿನಂತಿಯಿಷ್ಟೆ: ತಿದ್ದುವ ಮೊದಲು ಓದಲು ಕಲಿಯಿರಿ. ಸ್ಟಿಯರಿಂಗಿನ ಕೆಳಗಿನ ಓಬಿಡಿ ಕಿಂಡಿಗೆ ಓದುಗ ಉಪಕರಣವೊಂದನ್ನು ಸಿಕ್ಕಿಸಿ, ಎಂಜಿನ್ನನ್ನು ಆರಂಭಿಸದೆ ಕೀಲಿಯನ್ನು ಮಾತ್ರ ತಿರುಗಿಸಿ. ಗಾಳಿಯ ಒತ್ತಡವನ್ನು ಅಳೆಯುವ ಸಂವೇದಕ ನಿಮ್ಮ ಕಾರಿನಲ್ಲಿದ್ದರೆ, ಕಡಲಂಚಿನ ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್ ಇರುವ ಅದರ ಅಂಕಿ, 900 ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ನಮ್ಮ ಬಸವೇಶ್ವರನಗರದಲ್ಲಿ 91ರ ಆಸುಪಾಸಿನಲ್ಲಿ ನಿಲ್ಲುತ್ತದೆ.